ಕರಿಯೆಲೆಯ ಪಾತಿಗೆ ಎಂಜಲು ನೀರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ ಕೊಳೆಬಟ್ಟೆ ವಿಂಗಡಿಸುತ್ತಿದ್ದ ಹೆಂಗಸಿಗೆ ಹೇಸಿಗೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಲಿನ ಮಹಡಿಗಳಿಂದ ತಗಡಿನ ಕೊಳವೆಯಲ್ಲಿ ಜಾರಿಕೊಂಡು ಬೀಳುವ ಗಂಟುಗಳನ್ನು ಬಿಚ್ಚಿ, ರಕ್ತದ್ದು ಒಂದು ಕಡೆ, ವಾಂತಿಯದ್ದು ಒಂದು ಕಡೆ, ಬರೀ ಬೆವರಿನದ್ದು ಒಂದು ಕಡೆ ಹಾಕುವುದು ಅವಳ ಕೆಲಸ. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಗಂಟಕ್ಕ ಎನ್ನುತ್ತಿದ್ದರು. ಮೊದಲ ವಾರ ಊಟ ಸೇರಲಿಲ್ಲ, ಆಮೇಲೆ ಸೇರಿತು. ಕಾಯಿಲೆಯವರ ಹೊಲಸಿಗೆ ಒಂದು ಕಾರಣ ಇರುತ್ತದೆ. ಪಾಪ, ಅವರೇನು ಬೇಕೆಂದು ಮಾಡಿಕೊಂಡದ್ದಲ್ಲ.

ಅವಳಿಗೆ ಹೇಸಿಗೆಯಾಗುತ್ತಿದ್ದದ್ದು ಮನೆಯಲ್ಲಿ.

ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದ. ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡಂತೆ ಮಾವನ ಮಂಚ. ಬಚ್ಚಲಿಗೆ ಅಲ್ಲಿಂದ ಹತ್ತು ಹೆಜ್ಜೆ, ಕಿಟಕಿಗೆ ಒಂದೇ. ಹೀಗಾಗಿ ಗಂಡನ ಚಹಾದ ಲೋಟದ ತಳ, ಅದರಲ್ಲಿ ತೇಲುವ ಬೀಡಿ ತುಂಡು, ಗಡ್ಡ ಹೆರೆದ ನೊರೆನೀರು, ಮಾವನ ಹಲ್ಲುಸೆಟ್ಟು ರಾತ್ರಿಯೆಲ್ಲ ನೆನೆದ ಮಗ್ಗಿನ ನೀರು, ಅವರು ಬಾಯಿ ಮುಕ್ಕಳಿಸಿದ್ದು, ಕ್ಯಾಕರಿಸಿದ್ದು, ಎಲ್ಲವೂ ಕಿಟಕಿಯಿಂದಲೇ ಹೊರಗೆ ಹೋಗುತ್ತಿತ್ತು. ಕಿಟಕಿಯ ಕೆಳಗೆ ಅವಳ ಪಾತಿ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಅವಳ ಮನೆಯಲ್ಲಿ ಹಿತ್ತಲ ಗಿಡ ಬಚ್ಚಲೇ ಆಗಿಹೋಗಿತ್ತು.

ಆ ಪಾತಿಯಲ್ಲಿ ಇದ್ದದ್ದು ಒಂದೇ ಜಾತಿಯ ಗಿಡ. ಗಿಡ ಮಾರುವವರು ಅದಕ್ಕೆ ಸೀಡಂ ಅನ್ನುತ್ತಾರಂತೆ. ಅವಳಿಗೆ ಅದು ಕರಿಯೆಲೆ. ಕಿವಿಯ ಹಾಲೆಯಷ್ಟು ದಪ್ಪದ ಎಲೆ, ಬದನೆಕಾಯಿಯ ಸಿಪ್ಪೆಯ ಬಣ್ಣ, ತುದಿಯಲ್ಲಿ ಮಾಸಲು ಗುಲಾಬಿ ಹೂವಿನ ಗೊಂಚಲು. ಚಳಿಗೆ ಮೇಲಿನದೆಲ್ಲ ಒಣಗಿದರೂ ಬುಡದಲ್ಲಿ ಚಿಗುರು ಕಾದುಕೊಂಡಿದ್ದು ಮರುವರ್ಷ ಮತ್ತೆ ಏಳುತ್ತದೆ. ಇಸ್ತ್ರಿ ವಿಭಾಗದ ಅಜ್ಜಿ ಕೆಲಸ ಬಿಡುವ ದಿನ ಒದ್ದೆ ಟವೆಲಿನಲ್ಲಿ ಒಂದು ಕಡ್ಡಿ ಸುತ್ತಿ ಕೊಟ್ಟು ಹೇಳಿದ್ದಳು: "ಇದಕ್ಕೆ ಉಪಚಾರ ಆಗಲ್ಲ ಕಣೇ. ಬಿಸಿಲು ಕೊಡು, ಕಲ್ಲುಮಣ್ಣು ಕೊಡು, ಆಮೇಲೆ ಕೈ ಕಟ್ಕೊಂಡು ನಿಂತ್ಕೋ." ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಗೊಬ್ಬರ ಹೆಚ್ಚಾದರೆ ಎಲೆ ಹಸಿರಾಗಿ ಗಿಡ ಸೊಂಟ ಬಿದ್ದವರಂತೆ ಮಲಗುತ್ತದೆ. ಗೇಣುದ್ದ ಆದಾಗ ಅರ್ಧಕ್ಕೆ ಕತ್ತರಿಸಬೇಕು, ಆಗ ಕವಲೊಡೆದು ಗಟ್ಟಿ ನಿಲ್ಲುತ್ತದೆ. ಕತ್ತರಿಸಿದ ತುದಿಯನ್ನು ಎರಡು ದಿನ ನೆರಳಲ್ಲಿ ಆರಿಸಿ ಮರಳಿಗೆ ಚುಚ್ಚಿದರೆ ಅದೂ ಒಂದು ಗಿಡ. ಹೀಗೆ ಒಂದು ಕಡ್ಡಿ ಐದು ವರ್ಷದಲ್ಲಿ ನಲವತ್ತು ಗಿಡವಾಗಿತ್ತು, ಕಿಟಕಿಯ ಪ್ರಸಾದವನ್ನೂ ತಡೆದುಕೊಂಡು. ಮೇಲೆ ಬಿದ್ದದ್ದನ್ನು ಅವಳು ದಿನಾ ಬೆಳಿಗ್ಗೆ ಎರಡು ಕಡ್ಡಿಗಳಲ್ಲಿ ಹೆಕ್ಕಿ ತೆಗೆಯುತ್ತಿದ್ದಳು. ಗಂಡನಿಗೆ ಹೇಳಿದರೆ, ಎಲ್ಲಾ ಗೊಬ್ಬರವೇ ತಾನೇ ಎನ್ನುತ್ತಿದ್ದ. ಹಾಲು ಹಾಕಿದ ಚಹಾ, ಪುಣ್ಯ ಮಾಡಿದ್ದವು ನಿನ್ನ ಗಿಡಗಳು ಎನ್ನುತ್ತಿದ್ದರು ಮಾವ.

ಆ ವರ್ಷ ಆಸ್ಪತ್ರೆಯ ಮುಂದೆ, ವರ್ಷಾನುಗಟ್ಟಲೆ ಬಾಳುವ ಗಿಡಗಳದೇ ಒಂದು ಉದ್ದನೆಯ ಪಾತಿ ಮಾಡಬೇಕೆಂದು ಮೇಟ್ರನ್ ಹೊರಟರು. ದಿನಾ ನೀರು ಕೇಳದ ಗಿಡ ಬೇಕಿತ್ತು. ಗಂಟಕ್ಕ ತನ್ನ ಕರಿಯೆಲೆಯ ವಿಷಯ ಹೇಳಿದಳು. ಹದಿನೈದು ದಿನ ಬಿಟ್ಟು ಭಾನುವಾರ ಬಂದು ನೋಡುತ್ತೇನೆ, ನಲವತ್ತು ಗಿಡ ಚೆನ್ನಾಗಿದ್ದರೆ ಅವುಗಳ ಜೊತೆ ನಿನ್ನನ್ನೂ ನೆಲಮಾಳಿಗೆಯಿಂದ ಎತ್ತಿ ತೋಟದ ಕೆಲಸಕ್ಕೆ ಹಾಕುತ್ತೇನೆ ಎಂದರು ಮೇಟ್ರನ್. ಹನ್ನೊಂದು ವರ್ಷ ಟ್ಯೂಬ್‌ಲೈಟಿನ ಕೆಳಗೇ ಮಧ್ಯಾಹ್ನ ಕಳೆದವಳಿಗೆ, ಮಧ್ಯಾಹ್ನದ ಬಿಸಿಲು ಬೆನ್ನಿಗೆ ಹೇಗೆ ತಾಕುತ್ತದೆಂಬುದೇ ಮರೆತುಹೋಗಿತ್ತು.

ಅವಳು ಮನೆಯಲ್ಲಿ ಇಬ್ಬರಿಗೂ ಕಡ್ಡಿ ಮುರಿದಂತೆ ಹೇಳಿದಳು: ಹದಿನೈದು ದಿನ ಕಿಟಕಿಯಿಂದ ಏನೂ ಬೀಳಬಾರದು. ಮಂಚದ ಪಕ್ಕ ಮುಚ್ಚಳದ ಬಕೆಟ್ ಇಟ್ಟಳು. ಇಬ್ಬರೂ ಒಪ್ಪಿದರು, ಬಕೆಟ್ಟನ್ನು ನಿಷ್ಠೆಯಿಂದ ತುಂಬಿಸಿದರು. ಖಾಲಿ ಮಾಡುವುದೆಂಬುದೂ ಒಂದು ಕೆಲಸ ಎಂದು ಮಾತ್ರ ಇಬ್ಬರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದರ ಮುಚ್ಚಳ ತೆಗೆಯುವಾಗ ಅವಳು ಉಸಿರು ಬಿಗಿ ಹಿಡಿಯುತ್ತಿದ್ದಳು. ರಕ್ತದ ಗಂಟು ಬಿಚ್ಚುವಾಗಲೂ ಹಾಗೆ ಹಿಡಿದವಳಲ್ಲ.

ಎರಡನೆಯ ವಾರದ ಸೋಮವಾರ ಅವಳಿಗೆ ಎರಡು ಪಾಳಿ ಬಿತ್ತು. ರಾತ್ರಿ ಬಂದರೆ ಬಕೆಟ್ ಖಾಲಿ, ಬೋರಲು ಹಾಕಿತ್ತು. ಗಂಡ ಮೀಸೆಯಲ್ಲೇ ನಕ್ಕ.

"ನಿಂಗೊಂದು ಕೆಲ್ಸ ಉಳಿಸಿದೀನಿ ಕಣೇ."

"ಎಲ್ಲಿಗೆ ಸುರಿದ್ರಿ?"

ಅವನು ಕಿಟಕಿಯ ಕಡೆ ನೋಡಿದ. ಒಂದು ಇಡೀ ದಿನದ ಚಹಾ, ನೊರೆ, ಎಂಜಲು, ಕಫ, ಒಂದೇ ಸಲ.

ಮಾರನೆಯ ದಿನ ಮಾವನ ಹಲ್ಲುಸೆಟ್ಟು ಕಾಣೆಯಾಯಿತು. ಕಳೆದುಕೊಂಡವರು ಮಂಚದ ಮೇಲೆ, ಹುಡುಕುವವಳು ಮಂಚದ ಕೆಳಗೆ. ಮನೆ ಸರಿಯಾಗಿ ಗುಡಿಸಿದ್ದರೆ ಸಿಗುತ್ತಿತ್ತು ಎಂದು ಬೊಚ್ಚುಬಾಯಲ್ಲಿ ದೂರಿದರು. ಮೂರು ಹೊತ್ತೂ ಅವರ ಊಟವನ್ನು ಅರೆದು ಕೊಡುವ ಕೆಲಸ ಹೊಸದಾಗಿ ಸೇರಿತು. ಗುರುವಾರದ ಹೊತ್ತಿಗೆ ಪಾತಿಯಿಂದ ಹುಳಿ ಹಾಲಿನ ವಾಸನೆ ಎದ್ದಿತು. ಒಂದು ಗಿಡವನ್ನು ಮೆಲ್ಲಗೆ ಮುಟ್ಟಿದಳು. ಬೇಯಿಸಿದ ಸೊಪ್ಪಿನಂತೆ ಕೈಗೆ ಬಂತು. ಉಳಿದವೂ ಹಾಗೇ. ಬುಡದಲ್ಲಿ ಕಂದು ಲೋಳೆ, ಅದರಲ್ಲಿ ಬಿಳಿ ಹುಳ. ಅವಳಿಗೆ ಅಳು ಬರಲಿಲ್ಲ, ವಾಕರಿಕೆ ಬಂತು.

ಭಾನುವಾರ ಮೇಟ್ರನ್ ಬಂದಾಗ ಗಂಡ ಇಸ್ತ್ರಿಯ ಅಂಗಿ ತೊಟ್ಟು ಮುಂದೆ ನಿಂತಿದ್ದ. ಮಾವ ಕಿಟಕಿಯಲ್ಲಿ. ಮೇಟ್ರನ್ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಗಂಡನಿಗೆ ಅದು ಕಾಣಿಸಲೇ ಇಲ್ಲ. ಗಿಡದ ಗುಣ ವರ್ಣಿಸತೊಡಗಿದ.

"ಇದು ಥೇಟ್ ಇವಳ ಹಾಗೇ ಮೇಡಂ. ಏನೂ ಕೊಡದಿದ್ರೂ ಬೆಳ್ಕೊಳ್ಳುತ್ತೆ."

ಹೊಗಳಿದೆನೆಂದೇ ಅವನ ನಂಬಿಕೆ. ಅವಳು ಮೇಟ್ರನ್ ಎದುರಿಗೇ ಹೇಳಿದಳು.

"ಏನೂ ಕೊಡದಿದ್ರೆ ಬೆಳೀತಿತ್ತು. ನೀವು ಕೊಟ್ರಿ."

ಅವನಿಗೆ ಅರ್ಥವಾಗುವ ಮುಂಚೆ ಮೇಟ್ರನ್ ಕೊಡೆಯ ತುದಿಯಿಂದ ಮಲಗಿದ ಗಿಡವೊಂದನ್ನು ಸರಿಸಿದರು. ಲೋಳೆಯ ನಡುವೆ, ಬಿಡಿಸಿಟ್ಟ ಬೆಳ್ಳುಳ್ಳಿಯ ಹಾಗೆ, ಹದಿನಾಲ್ಕು ಹಲ್ಲು ಕಿರಿದುಕೊಂಡು ಕೂತಿದ್ದವು. ಮೇಟ್ರನ್ ಎರಡು ಹೆಜ್ಜೆ ಹಿಂದೆ ಸರಿದರು.

ಕಿಟಕಿಯಿಂದ ಮಾವ ಕೈ ಚಾಚಿದರು. ತೊಳೆದು ತಂದುಕೊಡು ಎಂಬುದು ಹಲ್ಲಿಲ್ಲದೆಯೂ ಸ್ಪಷ್ಟವಾಗಿಯೇ ಕೇಳಿಸಿತು.

"ಅಲ್ಲೇ ಇದೆ ಮಾವ, ತಗೊಳ್ಳಿ" ಎಂದಳು. ಕೈ ಸೊಂಟದಿಂದ ತೆಗೆಯಲಿಲ್ಲ. ಚಾಚಿದ ಕೈ ಚಾಚಿದಂತೆಯೇ ಇತ್ತು. ಕೊನೆಗೆ ಗಂಡ ಇಸ್ತ್ರಿಯ ಅಂಗಿಯ ತೋಳು ಮಡಚಿ, ಮುಖ ಅತ್ತ ತಿರುಗಿಸಿ, ಎರಡು ಬೆರಳು ಲೋಳೆಗೆ ಹಾಕಿದ. ಅವನು ಎರಡು ಸಲ ಓಕರಿಸಿದ್ದು ಅವಳಿಗೆ ಕೇಳಿಸಿತು.

ನಲವತ್ತು ಗಿಡ ಎಲ್ಲಿ ಗಂಟಕ್ಕ, ಎಂದರು ಮೇಟ್ರನ್, ಸಿಟ್ಟಿಗಿಂತ ಹೆಚ್ಚು ಬೇಸರದಿಂದ. ಎರಡು ತಿಂಗಳ ಹಿಂದೆ ಗಿಡಗಳನ್ನು ಅರ್ಧಕ್ಕೆ ಕತ್ತರಿಸಿದಾಗ ಬಂದ ತುದಿಗಳನ್ನು ಅವಳು ಎಸೆದಿರಲಿಲ್ಲ. ಮನೆಯಲ್ಲಿಟ್ಟರೆ ಕಿಟಕಿ ಹತ್ತಿರವಾಗುತ್ತದೆಂದು ಆಸ್ಪತ್ರೆಯ ಹಿಂದಿನ ಗೋಡೆಯ ಬಿಸಿಲಿನಲ್ಲಿ, ತಳ ಒಡೆದ ಬಟ್ಟೆಬುಟ್ಟಿಗಳಿಗೆ ಮರಳು ತುಂಬಿ ಚುಚ್ಚಿದ್ದಳು. ಗಿಣಿಮೂಗಿನಷ್ಟು ಚಿಕ್ಕವು, ಆದರೆ ಇದ್ದಲಿನ ಹಾಗೆ ಕಪ್ಪು. ಅಂದೇ ಕರೆದುಕೊಂಡು ಹೋಗಿ ತೋರಿಸಿದಳು. ಮೇಟ್ರನ್ ಒಂದೊಂದಾಗಿ ಎಣಿಸಿ, ಮೂವತ್ತೊಂದೇ ಇದೆಯಲ್ಲ ಎಂದರು. ಮುಂದಿನ ಸಲ ಕತ್ತರಿಸಿದಾಗ ಅರವತ್ತಾಗುತ್ತೆ, ಎಂದಳು ಅವಳು.

ಈಗ ಅವಳು ಆಸ್ಪತ್ರೆಯ ಮುಂದೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕಳೆ ತೆಗೆಯುತ್ತಾಳೆ. ಆ ಪಾತಿಯ ಹತ್ತಿರ ಯಾರಾದರೂ ಲೋಟ ಹಿಡಿದು ಬಂದರೆ ಕುಡುಗೋಲು ಎತ್ತಿ ತೋರಿಸುತ್ತಾಳೆ. ತಮಾಷೆಯೆಂದು ಜನ ನಗುತ್ತಾರೆ. ಮನೆಯಲ್ಲಿ ಬಕೆಟ್ಟನ್ನು ಆಕೆ ಮತ್ತೆ ಮುಟ್ಟಿಲ್ಲ, ಕಿಟಕಿಯ ಕೆಳಗೆ ಏನನ್ನೂ ನೆಟ್ಟಿಲ್ಲ. ಆದರೂ ಚಹಾ ಬೀಳುತ್ತದೆ, ನೊರೆ ಬೀಳುತ್ತದೆ. ನೆಲ ಕಪ್ಪಾಗಿ ಜಿಡ್ಡುಗಟ್ಟಿದೆ. ನೊಣ ಬರುತ್ತಿದೆ, ಕಿಟಕಿ ಮುಚ್ಚು ಬಾ ಎಂದು ಒಳಗಿನಿಂದ ಇಬ್ಬರೂ ಕರೆಯುತ್ತಾರೆ. ಕಿಟಕಿ ಅವರಿಂದ ಒಂದೇ ಹೆಜ್ಜೆ.