ಕೆಂಪು ಟವೆಲ್ ಕಟ್ಟಿದ ಓಟ

ವಯನಾಡು ಜಿಲ್ಲೆಯಾದ ಎರಡನೆಯ ವರ್ಷ ನಮ್ಮ ಚಿಕ್ಕಪ್ಪ ಓಡಲು ಶುರು ಮಾಡಿದ. ಮನೆಯಲ್ಲಿ ಅವನು ವಿಜಯ, ಶಾಲೆಯ ರಿಜಿಸ್ಟರಿನಲ್ಲಿ ವಿಜಯನ್. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಕಲ್ಪೆಟ್ಟದಲ್ಲಿ ಪೊಲೀಸ್ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುತ್ತಾರೆ, ಸಾವಿರದ ಐನೂರು ಮೀಟರನ್ನು ಐದೂಮುಕ್ಕಾಲು ನಿಮಿಷದೊಳಗೆ ಓಡಿದವರಿಗೆ ಮಾತ್ರ ಮುಂದಿನ ಪರೀಕ್ಷೆ ಎಂದು ಕಾಗದ ಬಂದಿತ್ತು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ನಮ್ಮ ಮನೆಯಲ್ಲಿ ಅದುವರೆಗೆ ಯಾರಿಗೂ ಸಂಬಳದ ಕೆಲಸ ಇರಲಿಲ್ಲ.

ನಾನು ಆಗ ತೊಟ್ಟಿಲಲ್ಲಿದ್ದೆ. ಇಲ್ಲಿ ಬರೆದದ್ದೆಲ್ಲ ಅಮ್ಮನಿಂದಲೂ ಊರಿನವರಿಂದಲೂ ಕೇಳಿದ್ದು. ಚಿಕ್ಕಪ್ಪ ಹೇಳಿದ್ದು ಕಡಿಮೆ.

ಮರಕ್ಕಡವಿನಲ್ಲಿ ನಮ್ಮ ಗದ್ದೆ ಕಬಿನಿಯ ಈ ದಡಕ್ಕೆ, ಆ ದಡ ಕರ್ನಾಟಕ. ಚಿಕ್ಕಪ್ಪ ಬೆಳಿಗ್ಗೆ ದೋಣಿಯ ಕಡವಿನಿಂದ ಹೊರಟು ಹೊಳೆಯ ಪಕ್ಕದ ಕಾಲುದಾರಿ ಹಿಡಿದು ಮೆಣಸಿನ ತೋಟಗಳ ಬೇಲಿ ಸುತ್ತಿ ತೇಗದ ಕಾಡಿಗೆ ಬರುತ್ತಿದ್ದ. ಕಾಡಿನ ಅಂಚಿನ ಗಾಡಿ ದಾರಿಯಲ್ಲಿ ವೆಳ್ಳಚ್ಚಿ ಎಂಬ ಮುದುಕಿಯ ಮನೆ. ಅದನ್ನು ದಾಟಿದರೆ ಬಿದಿರಿನ ಮೆಳೆ. ಮೆಳೆಯಿಂದ ನಮ್ಮ ಗದ್ದೆಯ ಏರುಮಾಡದವರೆಗೆ, ಎಂದರೆ ಮರದ ಮೇಲೆ ಕಟ್ಟಿದ ಕಾವಲು ಅಟ್ಟದವರೆಗೆ, ಸರಿಯಾಗಿ ಸಾವಿರದ ಐನೂರು ಮೀಟರು. ನನ್ನ ಅಪ್ಪ ಸೋಮನ್ ಬಾವಿಯ ಹಗ್ಗ ಹಿಡಿದು ಒಂದು ಮಧ್ಯಾಹ್ನವೆಲ್ಲ ಬದುವಿನ ಮೇಲೆ ಅಳೆದಿದ್ದ.

ಮೊದಲ ದಿನವೇ ತಪ್ಪಾಯಿತು. ನಮ್ಮ ಕಡೆ ಗದ್ದೆಯಲ್ಲಿ ಯಾರಾದರೂ ಓಡಿದರೆ ಹಿಂದೆ ಆನೆ ಇದೆ ಎಂದೇ ಲೆಕ್ಕ. ನೋಡಿದವರು ಕೇಳುತ್ತ ನಿಲ್ಲುವುದಿಲ್ಲ, ತಾವೂ ಓಡುತ್ತಾರೆ. ಚಿಕ್ಕಪ್ಪ ಬಂದದ್ದನ್ನು ಕಂಡು ಕಾವಲಿನವರು ತಗಡು ಬಡಿದರು, ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಬಿಟ್ಟು ಓಡಿದರು, ಚಾಯದಂಗಡಿಯ ಶಂಕರನ್ ಹಾಲು ಒಲೆಯ ಮೇಲಿರುವಾಗಲೇ ಹಲಸಿನ ಮರ ಹತ್ತಿದ. ಜನ ಓಡುವುದನ್ನು ಕಂಡ ಚಿಕ್ಕಪ್ಪ ತನ್ನ ಹಿಂದೆ ನಿಜವಾಗಿಯೂ ಆನೆ ಇದೆಯೆಂದು ಇನ್ನೂ ಜೋರಾಗಿ ಓಡಿದ.

ಮಾರನೆಯ ದಿನ ವೆಳ್ಳಚ್ಚಿ ಅವನನ್ನು ದಾರಿಯಲ್ಲಿ ತಡೆದಳು.

"ಸುಮ್ಮಸುಮ್ಮನೆ ಯಾರಾದ್ರೂ ಓಡ್ತಾರಾ ಮಗಾ?"

"ಪೊಲೀಸ್ ಕೆಲಸಕ್ಕೆ, ಅಜ್ಜಿ."

"ಪೊಲೀಸಿಗೆ ಓಡೋದ್ಯಾಕೆ? ಕಳ್ಳ ತಾನೇ ಓಡೋದು. ಓಡೋದೇ ಆದ್ರೆ ಒಂದು ಗುರುತು ಇಟ್ಕೋ. ನಿನ್ನ ನೋಡಿ ದಿನಾ ಮರ ಹತ್ತೋ ವಯಸ್ಸಲ್ಲ ನನ್ದು."

ಹಾಗೆ ಕೆಂಪು ಟವೆಲ್ ಬಂತು. ಅದನ್ನು ತಲೆಗೆ ಕಟ್ಟಿ ಓಡಿದರೆ ಅಭ್ಯಾಸದ ಓಟ, ಯಾರೂ ಹೆದರಬೇಕಾಗಿಲ್ಲ. ಅಪ್ಪ ಮನೆಮನೆಗೆ ಹೋಗಿ ಹೇಳಿ ಬಂದ. ಹದಿನೈದು ದಿನ ಕಳೆಯುವಷ್ಟರಲ್ಲಿ ಟವೆಲ್ ಕಂಡರೂ ಜನ ತಲೆ ಎತ್ತುವುದನ್ನು ಬಿಟ್ಟರು.

ರಾತ್ರಿ ಕಾವಲು ಮುಗಿದ ಮೇಲೂ ಅಪ್ಪ ಏರುಮಾಡದಿಂದ ಇಳಿಯುತ್ತಿರಲಿಲ್ಲ. ದೂರದಲ್ಲಿ ಬಿದಿರಿನ ಮೆಳೆಯ ಹತ್ತಿರ ಕೆಂಪು ಕಂಡ ಕೂಡಲೇ ಕೈಗಡಿಯಾರ ನೋಡುತ್ತಿದ್ದ. ಚಿಕ್ಕಪ್ಪ ಹತ್ತಿರ ಬಂದಾಗ ಮೇಲಿನಿಂದ ಕೂಗುವನು, "ಲೋ ವಿಜಯಾ, ಆನೆ ಎಷ್ಟು ದೂರದಲ್ಲೈತೆ?"

"ಹಿಂದೇನೇ ಐತೆ ಅಣ್ಣಾ."

"ಹಂಗಾದ್ರೆ ಅದೇ ಗೆಲ್ಲೋದು. ಅದಕ್ಕೇ ಕೊಡಿಸೋಣ ಕೆಲಸ."

ದಿನವೂ ಇದೇ ಮಾತು. ಪಕ್ಕದ ಗದ್ದೆಯವರಿಗೂ ಬಾಯಿಪಾಠವಾಗಿತ್ತು. ಆರೂವರೆ ನಿಮಿಷದಿಂದ ಆರಕ್ಕೆ ಬಂತು, ಆರರಿಂದ ಐದು ನಿಮಿಷ ಐವತ್ತು ಸೆಕೆಂಡಿಗೆ. ಇನ್ನು ಐದು ಸೆಕೆಂಡು ಉಳಿದಿತ್ತು. ಪರೀಕ್ಷೆಗೆ ಎಂಟು ದಿನವಿತ್ತು.

ಮೇಲಿಂದ ನೋಡಿದರೆ ಒಂದೆರಡು ಸೆಕೆಂಡು ಹೆಚ್ಚುಕಮ್ಮಿ ಆಗುತ್ತದೆಂದು ಆ ದಿನ ಅಪ್ಪ ಕೆಳಗಿಳಿದು ಬದುವಿನ ಕೊನೆಯಲ್ಲಿ ನಿಂತ. ಭತ್ತ ಹಣ್ಣಾಗಿತ್ತು. ಮಂಜು ಇನ್ನೂ ಪೂರ್ತಿ ಹೋಗಿರಲಿಲ್ಲ. ಏರುಮಾಡಕ್ಕೆ ಇನ್ನೂರು ಮೀಟರಿರುವಾಗ ಗದ್ದೆಯ ಪಕ್ಕದ ನೀರಿನ ತೋಡಿನ ಮುಂಡುಗದ ಪೊದೆಯಿಂದ ಒಂಟಿ ಸಲಗ ಎದ್ದು ಚಿಕ್ಕಪ್ಪನ ಹಿಂದೆ ಬದುವಿಗೆ ಬಂತು.

"ಆನೆ ಐತೆ ಅಣ್ಣಾ, ಹಿಂದೇನೇ ಐತೆ," ಎಂದು ಚಿಕ್ಕಪ್ಪ ಕೂಗಿದ.

ಅಪ್ಪ ಗಡಿಯಾರದಿಂದ ಕಣ್ಣೆತ್ತಲಿಲ್ಲ. ನಗುತ್ತಿದ್ದನಂತೆ. "ನಿಲ್ಲಬೇಡ, ಇನ್ನೂ ಟೈಮ್ ಐತೆ," ಎಂದ.

ಚಿಕ್ಕಪ್ಪ ಮತ್ತೆ ಕೂಗಿದ. ಪಕ್ಕದ ಗದ್ದೆಯವರು ಕೇಳಿಸಿಕೊಂಡು ಭತ್ತ ಕೊಯ್ಯುತ್ತಲೇ ಇದ್ದರು. ಆನೆಯ ಉಸಿರು ಬೆನ್ನಿಗೆ ತಾಗಿದಂತಾದಾಗ ಅವನು ಎಡಕ್ಕೆ, ತೋಡಿನೊಳಗೆ ಹಾರಿದ. ಆನೆ ತಿರುಗಲಿಲ್ಲ. ಬದುವಿನ ಮೇಲೆ ನೇರ ಹೋಯಿತು.

ಚಿಕ್ಕಪ್ಪ ತೋಡಿನಿಂದ ಎದ್ದು ಬಂದಾಗಲೂ ಟವೆಲ್ ತಲೆಯ ಮೇಲೇ ಇತ್ತು. ಜನ ಸೇರಿದ ಮೇಲೆ ಯಾರೋ ಅದನ್ನು ಬಿಚ್ಚಿದರು. ಗಡಿಯಾರವನ್ನು ಅಪ್ಪನ ಜೊತೆಗೇ ಹೂಳಿದರು.

ಚಿಕ್ಕಪ್ಪ ಅಳಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದ, ಹೇಳಿದರೆ ಮಲಗುತ್ತಿದ್ದ. ಪರೀಕ್ಷೆ ಬಂದದ್ದು ಎಂಟನೆಯ ದಿನ. ಸೂತಕದ ಮನೆಯವರು ಹನ್ನೊಂದು ದಿನ ಹೊರಗೆ ಹೋಗಬಾರದು ಎಂದು ಹಿರಿಯರು ಹೇಳಿದರು. ನನ್ನ ಅಮ್ಮ ಕಾರ್ತ್ಯಾಯನಿ ಒಳಗಿನಿಂದ ಬಂದು ಅವನ ಅಂಗಿಯನ್ನು ಜಗಲಿಯ ಮೇಲಿಟ್ಟಳು.

"ಹೋಗಿ ಓಡಿ ಬಾ ವಿಜಯಾ. ಅವರು ಎರಡು ತಿಂಗಳು ಗಡಿಯಾರ ನೋಡಿದ್ದು ನೀನು ಜಗಲೀಲಿ ಕೂರಲಿ ಅಂತಲ್ಲ."

ಅವನು ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಹೋದ.

ಕಲ್ಪೆಟ್ಟದ ಮೈದಾನದಲ್ಲಿ ಇಪ್ಪತ್ತು ಇಪ್ಪತ್ತು ಜನರನ್ನು ಒಟ್ಟಿಗೆ ಓಡಿಸುತ್ತಿದ್ದರು. ನಮ್ಮ ಊರಿನಿಂದಲೇ ಹೋಗಿದ್ದ ಇನ್ನೊಬ್ಬ ಅಭ್ಯರ್ಥಿ ನಾರಾಯಣನ್ ಇದನ್ನು ನೋಡಿದ್ದ. ಮೂರು ಸುತ್ತಿನವರೆಗೆ ಚಿಕ್ಕಪ್ಪನೇ ಮುಂದಿದ್ದ, ಬಹಳ ಮುಂದೆ. ಕೊನೆಯ ಸುತ್ತಿನಲ್ಲಿ ಉಳಿದವರು ವೇಗ ಹೆಚ್ಚಿಸಿ ಹತ್ತಿರ ಬಂದರು. ಅಷ್ಟು ದಿನ ಅವನು ಒಬ್ಬನೇ ಓಡಿದವನು. ಹಿಂದೆ ಹೆಜ್ಜೆಗಳ ಸದ್ದು ಕೇಳಿದ್ದು ಒಂದೇ ಸಲ. ಸದ್ದು ಹತ್ತಿರವಾದಾಗ ಅವನು ಎಡಕ್ಕೆ ಹಾರಲಿಲ್ಲ. ದಾರಿಯ ನಡುವೆ ನಿಂತು, ತಿರುಗಿ, ಎರಡೂ ಕೈ ಅಗಲಿಸಿದ. ಓಡುವವರು ಅವನ ಎರಡೂ ಪಕ್ಕದಿಂದ ಬೈಯುತ್ತ ಹೋದರು. ಎಲ್ಲರೂ ಹೋದ ಮೇಲೂ ಅವನು ಹಾಗೆಯೇ ನಿಂತಿದ್ದ. ಅಧಿಕಾರಿ ಹತ್ತಿರ ಬಂದು ಕಾಲು ಉಳುಕಿತೇ ಎಂದು ಮಲಯಾಳದಲ್ಲಿ ಕೇಳಿದರು. ಇಲ್ಲ ಎಂದ.

ಸಂಜೆ ಮನೆಗೆ ಬಂದಾಗ ಅಮ್ಮ ನೀರು ಕೊಟ್ಟಳು. ಅವನು ಕುಡಿದು ಏರುಮಾಡಕ್ಕೆ ಕಾವಲಿಗೆ ಹೋದ.

ಆಮೇಲೆ ಚಿಕ್ಕಪ್ಪ ಓಡಿದ್ದನ್ನು ಯಾರೂ ನೋಡಿಲ್ಲ. ಆದರೆ ದಾರಿ ಬಿಡಲಿಲ್ಲ. ಬೆಳಕು ಹರಿಯುತ್ತಲೇ ಏರುಮಾಡದಿಂದ ಇಳಿದು ಅದೇ ಸುತ್ತನ್ನು ತಿರುಗುಮುರುಗಾಗಿ ನಡೆಯುತ್ತಾನೆ: ಬಿದಿರಿನ ಮೆಳೆ, ತೇಗದ ಕಾಡಿನ ಅಂಚು, ಮೆಣಸಿನ ತೋಟ, ಹೊಳೆಯ ದಾರಿ, ಕಡವು. ಲದ್ದಿ ಬಿಸಿಯಿದೆಯೇ ಎಂದು ಕೈಯಿಟ್ಟು ನೋಡುತ್ತಾನೆ, ಮುರಿದ ಬಿದಿರು ನೋಡುತ್ತಾನೆ. ಪ್ರತಿ ಮನೆಯ ಮುಂದೆಯೂ ನಿಂತು ಹೇಳುತ್ತಾನೆ. ವೆಳ್ಳಚ್ಚಿ ಇರುವವರೆಗೆ ಮೊದಲು ಕೇಳುತ್ತಿದ್ದವಳು ಅವಳೇ.

"ಇವತ್ತು ಉಂಟಾ ಮಗಾ?"

"ಎರಡಿದ್ದವು. ತೋಡು ದಾಟಿ ಒಳಗೆ ಹೋದವು. ಎಂಟು ಗಂಟೆವರೆಗೆ ಸೌದೆಗೆ ಹೋಗಬೇಡ."

ಇಲ್ಲದಿದ್ದರೆ ಇಲ್ಲ ಎನ್ನುತ್ತಾನೆ. ಆ ಮಾತನ್ನು ನಂಬಿಯೇ ಹೆಂಗಸರು ಹುಲ್ಲಿಗೆ ಇಳಿಯುತ್ತಾರೆ, ಮಕ್ಕಳು ಶಾಲೆಗೆ ಹೊರಡುತ್ತಾರೆ. ನಾನು ಪುಲ್ಪಳ್ಳಿಯ ಶಾಲೆಗೂ ಆಮೇಲೆ ಕಾಲೇಜಿಗೂ ಹೋದದ್ದು ಹಾಗೆಯೇ. ನಮ್ಮ ಊರಿನಲ್ಲಿ ಆನೆಯ ಹೆಸರು ಹೇಳಿ ಯಾರೂ ತಮಾಷೆ ಮಾಡುವುದಿಲ್ಲ.

ಡಿಗ್ರಿ ಮುಗಿದ ವರ್ಷ ಒಂದು ದಿನ ಅವನ ಜೊತೆ ಪೂರ್ತಿ ಸುತ್ತು ನಡೆದೆ. ಕಡವಿಗೆ ಬಂದಾಗ ಮೊದಲ ದೋಣಿ ಆ ದಡದಿಂದ ಹೊರಟಿತ್ತು.

"ಈ ಸುತ್ತಿಗೆ ಎಷ್ಟು ಹೊತ್ತು ಬೇಕು ಚಿಕ್ಕಪ್ಪ?" ಎಂದೆ.

"ನೋಡಿಲ್ಲ," ಎಂದು ಕೆಸರಾದ ಕಾಲನ್ನು ನೀರಿಗೆ ಇಳಿಸಿದ.