ತೂಬು ತೆಗೆಯುವ ಮೊದಲು

ಗಿರಿಯಮ್ಮ ಜಿಲಾನಿಸಾಬನನ್ನು ಮೊದಲು ಕಂಡದ್ದು ಜಗಳ ತೆಗೆಯಲು ಹೋದ ದಿನ. ಎಂಬತ್ತೇಳನೆಯ ಇಸವಿ. ಸಿಂಧನೂರಿನಿಂದ ಗೊರೇಬಾಳಕ್ಕೆ ಹೋಗುವ ದಾರಿಯ ಅಕ್ಕಿಮಿಲ್ಲಿನಲ್ಲಿ ಕುಚ್ಚಲಕ್ಕಿಗೆಂದು ನೆಲ್ಲು ನೆನೆಹಾಕಿ ಕುದಿಸುತ್ತಿದ್ದರು. ನೆನೆಸಿದ ನೀರನ್ನು ತೊಟ್ಟಿಯಿಂದ ನೇರ ಹಳ್ಳಕ್ಕೆ ಬಿಡುತ್ತಿದ್ದರು. ಆ ಹಳ್ಳವೇ ಅವಳ ಓಣಿಗೆ ನೀರು. ಗಂಡ ಸತ್ತ ಮೇಲೆ ಮನೆಯಲ್ಲಿ ಅವಳ ಜೊತೆ ಉಸಿರಾಡುತ್ತಿದ್ದದ್ದು ಒಂದು ಎಮ್ಮೆ. ಅಂದು ಅದು ಹಳ್ಳಕ್ಕೆ ಮೂತಿ ಇಟ್ಟು, ಕುಡಿಯದೆ ಹಿಂದೆ ಸರಿದಿತ್ತು.

ಕೊಡದಲ್ಲಿ ಅದೇ ನೀರು ತುಂಬಿಕೊಂಡು ಬಂದು ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕಿದಳು.

"ಮೂಸಿ ನೋಡೋ ಸಾಬಾ!"

ತೊಟ್ಟಿ ನೋಡಿಕೊಳ್ಳುತ್ತಿದ್ದ ಜಿಲಾನಿಸಾಬ ಬಗ್ಗಿ ಎರಡು ಸಲ ಮೂಸಿದ. "ಏನೂ ಇಲ್ಲಲ್ಲವ್ವ."

"ಮೂಗು ಒತ್ತೆ ಇಟ್ಟು ಬಂದಿಯೇನು?"

ಅಂಗಳದಲ್ಲಿ ನೆಲ್ಲು ಹರವುತ್ತಿದ್ದ ಹೆಂಗಸರು ನಕ್ಕರು. ಅವರಲ್ಲೊಬ್ಬಳು, ಬಸ್ಸಮ್ಮ, ಗಿರಿಯಮ್ಮನ ಕಿವಿಯಲ್ಲಿ ಅಂದಳು: "ಖರೇನ ತಿಳಿಯಂಗಿಲ್ಲ ಬೇ ಅವನಿಗೆ. ಆ ಹಬೇದಾಗ ನಿಂತು ನಿಂತು ಮೂಗು ಸತ್ತೈತಿ. ನಾತ ಮೈಯಾಗ ಕುಂತೈತಿ, ಬಾಜು ಯಾರೂ ಕುಂದ್ರಂಗಿಲ್ಲ."

ಮೆಲ್ಲಗೆ ಆಡಿದ ಮಾತು ಅವನಿಗೂ ಕೇಳಿಸಿತು. ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು, ಸ್ವಲ್ಪ ಹೊತ್ತು ಹಾಗೇ ಹಿಡಿದು, ಕೆಳಗಿಳಿಸಿದ. ಕೊಡ ಎತ್ತಿಕೊಂಡು ಮಿಲ್ಲಿನ ಸಾಹುಕಾರ ಪಂಪಣ್ಣನ ಮುಂದೆ ಹೋಗಿ ನಿಂತು, ನೀರು ನಿಲ್ಲಿಸಲು ಗುಂಡಿ ತೋಡಿಸಬೇಕೆಂದ.

"ಹಳ್ಳ ನಮ್ಮಪ್ಪಂದೇನಲೇ? ಗುಂಡಿ ತೋಡಿದ್ರ ಅದರಾಗ ಅಕ್ಕಿ ಬೀಳ್ತಾವೇನು?"

"ಈ ನೀರು ಕುಡದು ಓಣಿ ಮಂದಿ ಮಲಗಿದ್ರ, ನಿಮ್ಮ ನೆಲ್ಲು ಹರವೋರು ಯಾರ್ರೀ?"

ಸಾಹುಕಾರ ಗೊಣಗುತ್ತಲೇ ಎರಡು ಗುಂಡಿ ತೋಡಿಸಿದ. ಮೊದಲನೆಯದರಲ್ಲಿ ಸುಣ್ಣ ಹಾಕಿ ನೀರನ್ನು ತಿಳಿಯಾಗಲು ಬಿಡುವುದು, ಎರಡನೆಯದರಲ್ಲಿ ನಿಲ್ಲಿಸುವುದು. ಭಟ್ಟಿಯ ಬೂದಿ ಆರಿಸಲಿಕ್ಕೆ ಅದೇ ನೀರು, ಮಿಲ್ಲಿನ ಹಿಂದೆ ಬೆಳೆಸಿದ ಹುಲ್ಲಿಗೂ ಅದೇ. ಮಿಕ್ಕಿದ್ದು, ನಾತ ಹೋದ ಮೇಲೆ, ತೂಬು ತೆಗೆದು ಹಳ್ಳಕ್ಕೆ. ಬೇಸಿಗೆಯಲ್ಲೂ ಹುಲ್ಲು ಹಸಿರಾಗಿದ್ದುದನ್ನು ಕಂಡು ಸಾಹುಕಾರನ ಗೊಣಗಾಟ ನಿಂತಿತು. ಆದರೆ ತೂಬು ಯಾವಾಗ ತೆಗೆಯಬೇಕೆಂದು ಮೂಗು ಸತ್ತವನಿಗೆ ಹೇಗೆ ತಿಳಿಯಬೇಕು?

"ಆ ಹೆಣ್ಮಗಳು ಹ್ಞೂಂ ಅಂದಮ್ಯಾಲ ತೆಗಿ," ಎಂದ ಸಾಹುಕಾರ. ಮಿಲ್ಲಿಗೆ ಅದೇ ರೂಢಿಯಾಯಿತು.

ದಿನಾ ಸಂಜೆ ಅವಳು ಹೋಗಿ, ಅಂಗೈಯಲ್ಲಿ ನೀರು ಎತ್ತಿ ಮೂಸುತ್ತಿದ್ದಳು.

"ತೆಗೀಲೇನು ತಂಗಿ?"

"ಇವತ್ತು ಬ್ಯಾಡಣ್ಣ, ಇನ್ನೂ ಹುಳಿ ಐತಿ."

ಆಮೇಲೆ ಕಟ್ಟೆಯ ಮೇಲೆ ಅವನ ಬಾಜು ಕೂರುವಳು. ನಾತ ಬರುತ್ತಿತ್ತು. ಅವಳು ಸೆರಗು ಮೂಗಿಗೆ ಹಿಡಿಯಲಿಲ್ಲ. ಅವನು ತನ್ನ ಚಹಾದಲ್ಲಿ ಅರ್ಧ ಬಗ್ಗಿಸಿ ಕೊಡುವನು. ಇಬ್ಬರಿಗೂ ಇಡೀ ದಿನಕ್ಕೆ ಅಷ್ಟೇ ಮಾತು.

ತೊಂಬತ್ತೈದರಲ್ಲಿ ಕೆಮ್ಮು ಹತ್ತಿ ಜಿಲಾನಿಸಾಬ ಏಳದಾದ. ಅವನ ಅಕ್ಕ ಚಾಂದ್‌ಬೀ ಬಂದು ಗುರುಗುಂಟಾಕ್ಕೆ ಕರೆದೊಯ್ದಳು. ಅವನ ಜಾಗಕ್ಕೆ ಬಂದ ಆಳು ಗುಂಡಿ ತುಂಬುವುದನ್ನೂ ಕಾಯದೆ ತೂಬು ತೆಗೆದ.

"ನೀರು ಬಿಡಾಕ ನಿನ್ನ ಹುಕುಂ ಬೇಕೇನು ಮುದುಕಿ?" ಎಂದ.

ದೂರು ಒಯ್ದರೆ ಪಂಪಣ್ಣ "ನೋಡೋಣಮ್ಮ" ಅಂದ. ಹಾಗೆ ಅಂದು ಅಂದೇ ಒಂದು ತಿಂಗಳು ಕಳೆಯಿತು. ಎಮ್ಮೆ ಮತ್ತೆ ಹಳ್ಳದಿಂದ ಮೂತಿ ಹಿಂದಕ್ಕೆಳೆಯಿತು. ಜಿಲಾನಿಸಾಬ ಒಂದು ಮಾತು ಹೇಳಿ ಕಳಿಸಿದರೆ ಸಾಹುಕಾರ ಕೇಳಿಯಾನು ಎಂದುಕೊಂಡು ಗಿರಿಯಮ್ಮ ಮಸ್ಕಿ ದಾಟಿ, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಗುರುಗುಂಟಾಕ್ಕೆ ಹೋದಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಆಡಿಕೊಂಡಳು.

ಹೊರಸಿನ ಮೇಲೆ ಅವನು ಮೈ ಅರ್ಧಕ್ಕೆ ಇಳಿದು ಮಲಗಿದ್ದ. ಅವಳು ಬಾಜು ಕೂತಳು. ಅವನ ಮೈಯಲ್ಲಿ ಈಗ ಆ ನಾತ ಇರಲಿಲ್ಲ, ಬರೀ ಔಷಧದ ವಾಸನೆ. ಕಣ್ಣು ತೆರೆದು ಗುರುತು ಹಿಡಿದ. ಮುಖ ಅರಳಿತು, ಮರುಗಳಿಗೆಗೇ ಗಾಬರಿಯಾಯಿತು. ಮೊಳಕೈ ಊರಿ ಏಳಲು ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ಗದರಿಸಿದ:

"ಹೊತ್ತು ಮುಳುಗಾಕ ಬಂತು, ನೀ ಇಲ್ಲಿ ಬಂದು ಕುಂತಿಯಲ್ಲ ತಂಗಿ! ಅಲ್ಲಿ ಯಾರನ್ನ ಕೇಳಿ ತೂಬು ತೆಗೀತಾರ?"