ಕಿವಿಯಿಂದ ಶುರುವಾದ ಚಿತ್ರ

ರಷ್ಯಾದಲ್ಲಿ ನನಗೆ ಚಿತ್ರ ಕಲಿಸಿದ ಮುದುಕಿಯದು ಒಂದೇ ಹಟ. ನೂರು ವರ್ಷದ ಹಿಂದೆ ಅಲ್ಲಿನ ಹೊಸ ಕಲೆಯವರು ಕಟ್ಟಿದ ಶಾಲೆಯ ಪಾಠ ಅವಳಿಗೆ ತನ್ನ ಗುರುವಿನಿಂದ ಬಂದಿತ್ತು. ಮೊದಲೇ ಗೆರೆ ಎಳೆದು ಅಂದಾಜು ಮಾಡಕೂಡದು. ಒಂದು ಮೂಲೆ ಹಿಡಿದು, ಸಣ್ಣ ಕುಂಚದಲ್ಲಿ ಒಂದು ಚುಕ್ಕೆಯನ್ನು ಪೂರ್ತಿ ಮುಗಿಸಿಯೇ ಪಕ್ಕದ ಚುಕ್ಕೆಗೆ ಹೋಗಬೇಕು. ಅವಸರ ಮಾಡಿದರೆ ಕುಂಚದ ಹಿಡಿಯಿಂದ ಬೆರಳಿನ ಗಿಣ್ಣಿಗೆ ಬಾರಿಸುತ್ತಿದ್ದಳು. ಪುಣ್ಯಾತ್ಗಿತ್ತಿ, ಆ ಪಾಠವನ್ನು ನನ್ನ ಮೂಳೆಗೇ ಇಳಿಸಿಬಿಟ್ಟಳು.

ಕೂಡ್ಲಿಗಿಗೆ ವಾಪಸು ಬಂದ ಮೇಲೆ ಹಿರೇಹಡಗಲಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಚಹಾ ಕೊಟ್ಟು ಎದುರು ಕೂತಳು; ನನಗೆ ಅಲ್ಲೇ ತಲೆ ಗಿರ್ರೆಂದಿತು. ಅವಳಪ್ಪ ಕಿರಾಣಿ ವ್ಯಾಪಾರಿ, ಮಾತನ್ನೂ ತೂಗಿ ಆಡುವ ಮನುಷ್ಯ.

"ಚಿತ್ರ ಬರಿಯೋದೂ ಒಂದು ಕಸುಬೇನ್ರಿ? ನಮ್ಮ ಹುಡುಗೀದು ಒಂದು ಬರದು ತೋರಸ್ರಿ. ಯುಗಾದಿಗೆ ನೋಡಿ, ಹೂಂ ಅನ್ನೋದೋ ಊಹೂಂ ಅನ್ನೋದೋ ಹೇಳ್ತೀವಿ" ಅಂದರು.

ಭಾನುವಾರ ಭಾನುವಾರ ಬಸ್ಸು ಹತ್ತಿದೆ. ಒಂದು ಮರದ ಹಲಗೆಯ ಅಂಚಿನಲ್ಲಿ ಅವಳ ಕಿವಿಯಿಂದ ಶುರು ಮಾಡಿದೆ. ಕಿವಿಯ ಹಿಂದಿನ ಮಲ್ಲಿಗೆ, ಓಲೆಯ ಹರಳು, ಕೆನ್ನೆಯ ನವಿರು ಕೂದಲು. ದಿನಕ್ಕೆ ಹೆಬ್ಬೆರಳಿನಷ್ಟು ಅಗಲ ಆದರೆ ಹೆಚ್ಚು. ಕಾವಲಿಗೆ ಕೂರುತ್ತಿದ್ದ ಅವಳ ಅಜ್ಜಿ, "ಬರೇ ಕಿವೀನ ಮದಿವಿ ಆಗಾಂವೇನೋ ತಮ್ಮಾ?" ಎಂದು ಕೆಣಕಿದರೆ, ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ನಗುವಿಗೆ ನನ್ನ ಚುಕ್ಕೆ ಹಾದಿ ತಪ್ಪುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬನೇ ಹಲ್ಲು ಕಿರಿಯುತ್ತ ಕೂತರೆ ಪಕ್ಕದವರು ಸ್ವಲ್ಪ ಸರಿದು ಕೂರುತ್ತಿದ್ದರು.

ಯುಗಾದಿ ಬಂದೇಬಿಟ್ಟಿತು. ಮೂಗು ಮುಗಿಸಿ ತಲೆಯೆತ್ತಿ ನೋಡುತ್ತೇನೆ, ಹಲಗೆಯೂ ಅಲ್ಲಿಗೇ ಮುಗಿದಿದೆ! ಚುಕ್ಕೆಯ ಧ್ಯಾನದಲ್ಲಿ ಅಳತೆ ಮರೆತು ಮುಖ ಬೆಳೆಯುತ್ತಲೇ ಹೋಗಿತ್ತು. ಇನ್ನೊಂದು ಕಣ್ಣಿಗೆ, ಇನ್ನೊಂದು ಕೆನ್ನೆಗೆ ಜಾಗವೇ ಇಲ್ಲ. ಅರ್ಧ ಮುಖ ತೋರಿಸಿದರೆ ಯಾವ ಅಪ್ಪ ಹೆಣ್ಣು ಕೊಡುತ್ತಾನೆ? ಇವಳು ಕೈತಪ್ಪಿದಳು ಅಂದುಕೊಂಡೇ ಹಲಗೆಯನ್ನು ಅವಳಪ್ಪನ ಕೈಗೆ ಕೊಟ್ಟೆ.

ಅವಳಪ್ಪ ಹಲಗೆಯನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಿವಿ ಖರೇನ ನಮ್ಮ ಹುಡುಗೀದ ಐತಿ. ಇನ್ನರ್ಧ ಮಾರಿ ಎಲ್ಲೈತ್ರಿ?"

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯೇ ಉತ್ತರ ಕೊಟ್ಟಳು.

"ಅದಕ್ಕ ಇನ್ನೊಂದು ಹಲಗಿ ಜೋಡಸ್ತಾರಪ್ಪಾ. ಇವರು ಇಷ್ಟು ಸಾವಕಾಶ ಬರದ್ರ ಇಲ್ಲಿ ಕುಂತು ಮುಗಿಯಂಗಿಲ್ಲ. ಅದನ್ನ ಕೂಡ್ಲಿಗ್ಯಾಗ, ಅವರ ಮನ್ಯಾಗ ಕುಂತು ಬರಸ್ಕೊಂತೀನಿ."

ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದಳು, "ಆತಲ್ಲ, ಸಕ್ಕರಿ ತರ್ರಿ."